ಎರಡನೇ ಅಳತೆ

ಆ ಬೀದಿಯಲ್ಲಿ ಎಲ್ಲರೂ ಅವನನ್ನು ಹಲ್ಲಿನ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮನೆ ಕಟ್ಟುವ ಮೇಸ್ತ್ರಿಯಲ್ಲ, ಹಲ್ಲು ಕಟ್ಟುವ ಮೇಸ್ತ್ರಿ. ಡಾಕ್ಟರು ಪುಟ್ಟ ತಟ್ಟೆಯಲ್ಲಿ ಮೆತ್ತನೆಯ ಹಿಟ್ಟಿನಂಥದ್ದು ತುಂಬಿ ರೋಗಿಯ ಬಾಯಿಗೆ ಒತ್ತಿ ಅಳತೆ ತೆಗೆದು ಕಳಿಸಿಕೊಟ್ಟರೆ ಅದರಲ್ಲಿ ಪ್ಲಾಸ್ಟರ್ ಸುರಿದು ಅಚ್ಚು ತೆಗೆದು, ಮೇಣದ ಒಸಡಿನ ಮೇಲೆ ಒಂದೊಂದೇ ಹಲ್ಲು ನಿಲ್ಲಿಸಿ, ಕುದಿಸಿ, ಉಜ್ಜಿ, ಹೊಳಪು ಕೊಟ್ಟು, ಪುಟ್ಟ ಡಬ್ಬಿಯಲ್ಲಿಟ್ಟು ವಾಪಸು ಕಳಿಸುವುದು ಅವನ ಕೆಲಸ. ಇಪ್ಪತ್ತೆಂಟು ವರ್ಷದಿಂದ ಇದೇ. ಊರಿನ ಮುದುಕರಲ್ಲಿ ಅರ್ಧಕ್ಕರ್ಧ ಜನ ಅವನ ಹಲ್ಲಿನಲ್ಲೇ ನಗುತ್ತಿದ್ದರು. ಆದರೆ ಅವರಲ್ಲಿ ಒಬ್ಬರೂ ಅವನನ್ನು ಕಂಡವರಲ್ಲ. ಅವನಿಗೂ ಅವರ ಬಾಯಿಯ ಪರಿಚಯವಿತ್ತೇ ಹೊರತು ಮುಖದ ಪರಿಚಯವಿರಲಿಲ್ಲ.

ಅವನ ಸ್ವಂತ ಬಾಯಿಯಲ್ಲಿ ಎಡಗಡೆಯ ಎರಡು ದವಡೆಹಲ್ಲು ಹೋಗಿ ಎಷ್ಟೋ ಕಾಲವಾಗಿತ್ತು. "ಊರಿಗೆಲ್ಲ ಕಟ್ಟಿಕೊಡ್ತೀರಿ, ನಿಮ್ಮದು ಯಾವಾಗ?" ಎಂದು ಹೆಂಡತಿ ಕೇಳಿದರೆ, "ಇನ್ನೂ ಆರ್ಡರ್ ಬಂದಿಲ್ಲ" ಎನ್ನುತ್ತಿದ್ದ. ಆ ಮನೆಯಲ್ಲಿ ಈ ಜೋಕಿಗೆ ನಗುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು, ಅವನು ಮಾತ್ರ ಹೇಳುವುದನ್ನು ಬಿಟ್ಟಿರಲಿಲ್ಲ.

ಮನೆಯ ಹಿಂದಿನ ಕೋಣೆಯೇ ಅವನ ಕಾರ್ಖಾನೆ. ಒಂದು ಕಿಟಕಿ, ಅದರ ಕೆಳಗೆ ಮೇಜು, ಮೇಜಿನ ಮೇಲೆ ಬೆಂಕಿಯ ಪುಟ್ಟ ದೀಪ, ಮೇಣದ ಚಾಕುಗಳು, ದವಡೆಯ ಹಾಗೆ ಮುಚ್ಚಿ ತೆರೆಯುವ ಕೀಲಿನ ಚೌಕಟ್ಟು. ಗೋಡೆಯ ಉದ್ದಕ್ಕೂ ಹಲಗೆಗಳ ಮೇಲೆ ಬಿಳಿ ಅಚ್ಚುಗಳು ಬಾಯಿ ತೆರೆದುಕೊಂಡು ಸಾಲಾಗಿ ಕೂತಿರುತ್ತಿದ್ದವು. ಹೊಸಬರು ನೋಡಿದರೆ ಬೆಚ್ಚಿಬೀಳಬೇಕು. ಅವನ ಮಗಳು ಮಾತ್ರ ಎಂಟು ವರ್ಷದವಳಿದ್ದಾಗಿನಿಂದ ಆ ಬಾಯಿಗಳ ನಡುವೆಯೇ ಕೂತು ಹೋಂವರ್ಕ್ ಮಾಡಿದವಳು. ಹೋಂವರ್ಕ್ ಮುಗಿದ ಮೇಲೆ ಮೇಣದ ತುಂಡಿನ ಮೇಲೆ ಹಳೆಯ ಹಲ್ಲುಗಳನ್ನು ಜೋಡಿಸುತ್ತಾ ಕೂರುತ್ತಿದ್ದಳು. ಹದಿನಾರಕ್ಕೆ ಬರುವಷ್ಟರಲ್ಲಿ ಅವಳ ಕೈ ಎಷ್ಟು ಕುದುರಿತ್ತೆಂದರೆ, ಜ್ವರ ಬಂದು ಮೇಸ್ತ್ರಿ ಮಲಗಿದ ಒಂದು ವಾರ ಡಾಕ್ಟರುಗಳಿಗೆ ಹೋದ ಹಲ್ಲುಗಳೆಲ್ಲ ಅವಳು ಕಟ್ಟಿದವೇ. ಯಾವ ಡಾಕ್ಟರಿಗೂ ಗೊತ್ತಾಗಲಿಲ್ಲ.

ಮೇಸ್ತ್ರಿಯ ಕೆಲಸದಲ್ಲಿ ಎರಡು ವಿಶೇಷ ಇದ್ದವು. ಒಂದು, ಅವನು ಕಟ್ಟಿದ ಹಲ್ಲು ಕಟ್ಟಿದ ಹಲ್ಲಿನಂತೆ ಕಾಣುತ್ತಿರಲಿಲ್ಲ. ರೋಗಿಯ ಹಳೆಯ ಫೋಟೋ ಒಂದನ್ನು ಕೇಳಿ ತರಿಸಿಕೊಂಡು, ಆ ಫೋಟೋದ ನಗುವಿನಲ್ಲಿ ಯಾವ ಹಲ್ಲು ಕೊಂಚ ತಿರುಗಿತ್ತೋ ಅದನ್ನು ಅಷ್ಟೇ ತಿರುಗಿಸಿ ನಿಲ್ಲಿಸುತ್ತಿದ್ದ. ಇನ್ನೊಂದು, ಅವನು ಎಂದೂ ಎರಡನೇ ಅಳತೆ ಕೇಳುತ್ತಿರಲಿಲ್ಲ. ಡಾಕ್ಟರು ಕಳಿಸಿದ ಅಳತೆಯಲ್ಲಿ ಗುಳ್ಳೆ ಬಿದ್ದಿದ್ದರೆ, ಅಂಚು ಹರಿದಿದ್ದರೆ, ಬೇರೆಯವರು ಫೋನ್ ಮಾಡಿ "ಇನ್ನೊಂದು ಸಲ ತೆಗೆದು ಕಳಿಸಿ" ಎನ್ನುತ್ತಿದ್ದರು. ಮೇಸ್ತ್ರಿ ಚಾಕು ಹಿಡಿದು, ಅಚ್ಚಿನ ಆ ಜಾಗವನ್ನು ಅಂದಾಜಿನ ಮೇಲೆ ಕೆತ್ತಿ ಸರಿಮಾಡಿಬಿಡುತ್ತಿದ್ದ. ಅವನು ಹೊಸದಾಗಿ ಕೆಲಸ ಹಿಡಿದಾಗ ಹಿರಿಯ ಡಾಕ್ಟರೊಬ್ಬರು ಬೆನ್ನು ತಟ್ಟಿ, "ನೀನೊಬ್ಬನೇ ನೋಡು, ಒಂದೇ ಅಳತೆಯಲ್ಲಿ ಕೆಲಸ ಮುಗಿಸೋನು" ಎಂದಿದ್ದರು. ಆ ಮಾತನ್ನು ಅವನು ಎದೆಗೆ ಅಂಟಿಸಿಕೊಂಡವನು ಮತ್ತೆ ಕೀಳಲೇ ಇಲ್ಲ.

ಇಷ್ಟೆಲ್ಲ ಕೈಚಳಕವಿದ್ದರೂ ಡಬ್ಬಿ ಹಿಡಿದು ಅವನು ಹೋಗುತ್ತಿದ್ದುದು ಆಸ್ಪತ್ರೆಗಳ ಹಿಂಬಾಗಿಲಿಗೆ. ಮುಂದಿನ ಬಾಗಿಲಲ್ಲಿ ಡಾಕ್ಟರ ಹೆಸರಿನ ಬೋರ್ಡು. ರೋಗಿ ಕನ್ನಡಿ ನೋಡಿಕೊಂಡು "ನಿಮ್ಮ ಕೈ ಬಂಗಾರ ಡಾಕ್ಟ್ರೇ" ಎನ್ನುವುದು ಪರದೆಯ ಹಿಂದೆ ನಿಂತವನಿಗೆ ಎಷ್ಟೋ ಸಲ ಕೇಳಿಸಿತ್ತು. ಮಗಳು ಮುಂದಿನ ಬಾಗಿಲಿನಿಂದ ಒಳಗೆ ಹೋಗಬೇಕು, ಬೋರ್ಡಿನ ಮೇಲೆ ಅವಳ ಹೆಸರಿರಬೇಕು. ಅವನಿಗಿದ್ದದ್ದು ಅದೊಂದೇ ಆಸೆ. ಮಗಳ ಆಸೆ ಏನೆಂದು ಕೇಳಬೇಕು ಎನ್ನುವುದು ಅವನಿಗೆ ಹೊಳೆದಿರಲಿಲ್ಲ. ಕೆಟ್ಟವನಲ್ಲ, ಹೊಳೆದಿರಲಿಲ್ಲ ಅಷ್ಟೆ.

ದಂತ ವೈದ್ಯಕೀಯ ಕಾಲೇಜುಗಳ ಅರ್ಜಿ ಬಂದ ದಿನ ಹೆಂಡತಿ ಕೆಲಸಕ್ಕೆ ಹೋಗಿದ್ದಳು. ದೊಡ್ಡಾಸ್ಪತ್ರೆಯ ದಾಖಲೆ ಕೋಣೆಯಲ್ಲಿ ಫೈಲು ಜೋಡಿಸುವುದು ಅವಳ ಕೆಲಸ, ಖಾಲಿ ಬಿಟ್ಟ ಜಾಗ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಅವಳು ಮನೆಯಲ್ಲಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅರ್ಜಿಯಲ್ಲಿ ಐದು ಸಾಲುಗಳಿದ್ದವು. ಐದು ಕಾಲೇಜುಗಳ ಹೆಸರನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಮಗಳು ಮೊದಲ ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಕಾಲೇಜಿನ ಹೆಸರು ಬರೆದು ಎರಡನೆಯದಕ್ಕೆ ಪೆನ್ನು ಇಟ್ಟಳು.

"ಸಾಕು," ಅಂದ ಮೇಸ್ತ್ರಿ.

"ಇನ್ನೂ ನಾಲ್ಕು ಇದೆಯಲ್ಲ ಅಪ್ಪ."

"ಇರ್ಲಿ ಬಿಡು. ಎರಡನೇದು ಬರೆದ್ರೆ ಮೊದಲನೇದರ ಮೇಲೆ ನಂಬಿಕೆ ಇಲ್ಲ ಅಂತ ಅವರಿಗೆ ಗೊತ್ತಾಗಲ್ವಾ? ಒಂದೇ ಬರಿ. ನಿನ್ನ ಅಂಕ ನೋಡಿ ಅವರೇ ಕರೀತಾರೆ."

ಮಗಳು ಒಂದು ಗಳಿಗೆ ಅಪ್ಪನ ಮುಖ ನೋಡಿದಳು. ಆಮೇಲೆ ನಾಲ್ಕು ಸಾಲುಗಳಿಗೂ ಅಡ್ಡಗೆರೆ ಎಳೆದಳು. ತಂದೆಯ ಉದ್ಯೋಗ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದಾಗ, ಅವನು ತುಸು ಯೋಚಿಸಿ, "ವ್ಯಾಪಾರ ಅಂತ ಬರಿ" ಎಂದ.

ಎರಡು ತಿಂಗಳಾದ ಮೇಲೆ ಪತ್ರ ಬಂತು. ಮೂರೇ ಸಾಲು. ವಿಷಾದಿಸುತ್ತೇವೆ ಎಂಬ ಪದ ಎರಡನೇ ಸಾಲಿನಲ್ಲಿತ್ತು. ಆರು ಅಂಕಕ್ಕೆ ಸೀಟು ತಪ್ಪಿತ್ತು. ಅದೂ ಹೋಗಲಿ ಎನ್ನಬಹುದಿತ್ತು. ಆದರೆ ಅವಳ ತರಗತಿಯಲ್ಲೇ ಅವಳಿಗಿಂತ ಇಪ್ಪತ್ತು ಅಂಕ ಕಡಿಮೆ ಇದ್ದ ಹುಡುಗಿಗೆ ಮೂರನೇ ಸಾಲಿನ ಕಾಲೇಜು ಸಿಕ್ಕಿತೆಂಬ ಸುದ್ದಿ ಅದೇ ಸಂಜೆ ಮನೆಗೆ ಬಂತು. ಮೇಸ್ತ್ರಿ ಮೇಜಿನ ಮುಂದೆ ಗರ ಬಡಿದವನಂತೆ ಕೂತ. ಕಾಯಲು ಇಟ್ಟಿದ್ದ ಮೇಣ ಕರಗಿ, ಹೊಗೆಯಾಡಿ, ಕಪ್ಪಾಯಿತು.

ಹೆಂಡತಿ ಅರ್ಜಿಯ ನಕಲು ತೆಗೆದು ನೋಡಿದಳು. ಅವಳು ಕೂಗಾಡುವ ಹೆಂಗಸು, ಅವತ್ತು ಕೂಗಾಡಲಿಲ್ಲ. "ನಾಲ್ಕು ಸಾಲು ಖಾಲಿ," ಎಂದಳು. "ನಾನು ದಿನಾ ಬೇರೆಯವರ ಮಕ್ಕಳ ಫೈಲಲ್ಲಿ ಬಿಟ್ಟುಹೋಗಿರೋ ಜಾಗ ಹುಡುಕಿ ಹುಡುಕಿ ತುಂಬಿಸ್ತೀನಿ. ನನ್ನ ಮಗಳದ್ದು ಹೀಗೆ." ಅಷ್ಟು ಹೇಳಿ ಒಳಗೆ ಹೋದಳು. ಬೈದಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದ.

ಮಗಳು ಏನೂ ಅನ್ನಲಿಲ್ಲ. ಅಳಲೂ ಇಲ್ಲ, ಅಥವಾ ಅಪ್ಪನ ಕಣ್ಣಿಗೆ ಬೀಳುವಂತೆ ಅಳಲಿಲ್ಲ. ಹಿಂದಿನ ಕೋಣೆಗೆ ಬರುವುದನ್ನು ಮಾತ್ರ ನಿಲ್ಲಿಸಿದಳು. ಕಿಟಕಿಯ ಪಕ್ಕದ ಅವಳ ಸ್ಟೂಲಿನ ಮೇಲೆ ಪ್ಲಾಸ್ಟರಿನ ಬಿಳಿ ಧೂಳು ಕೂರತೊಡಗಿತು. ಮೇಸ್ತ್ರಿ ದಿನಾ ಅದನ್ನು ಒರೆಸುತ್ತಿದ್ದ. ಅವನಿಗೆ ಕ್ಷಮೆ ಕೇಳಬೇಕೆನಿಸುತ್ತಿತ್ತು, ಹೇಗೆಂದು ಗೊತ್ತಿರಲಿಲ್ಲ. ಬದಲಿಗೆ, "ಮುಂದಿನ ವರ್ಷ ಮತ್ತೆ ಬರಿಯೋಣ, ಅದೇ ಕಾಲೇಜಿಗೆ" ಎಂದು ಎರಡು ಮೂರು ಸಲ ಅಂದ. ಅವಳು ತಲೆಯಾಡಿಸಿದಳು. ಆ ತಲೆಯಾಡಿಸುವಿಕೆ ಹೌದೋ ಅಲ್ಲವೋ ತಿಳಿಯುವಂತಿರಲಿಲ್ಲ.

ಮೂರು ವಾರದ ನಂತರ ಹೆಂಡತಿ ಆಸ್ಪತ್ರೆಯ ನೋಟಿಸ್ ಬೋರ್ಡಿನಿಂದ ಒಂದು ಹಾಳೆ ಬರೆದುಕೊಂಡು ಬಂದಳು. ಊರಿನ ಆ ತುದಿಯಲ್ಲಿ, ಹಳೆಯ ಗಾಯಾಳುಗಳ ಆಸ್ಪತ್ರೆಗೆ ಸೇರಿದ ಒಂದು ಕಾಲೇಜು ಇತ್ತು. ಅಲ್ಲಿ ಕಲಿಸುತ್ತಿದ್ದುದು ಕೃತಕ ಅಂಗ ಮಾಡುವುದನ್ನು. ಹಲ್ಲು, ಕಣ್ಣು, ಕಿವಿ, ಮೂಗು, ಕೈಕಾಲು. ನಾಲ್ಕು ವರ್ಷದ ಪದವಿ. ಅರ್ಜಿ ಹಾಕಲು ಇನ್ನೂ ಐದು ದಿನ ಉಳಿದಿತ್ತು.

ಮೇಸ್ತ್ರಿ ಹಾಳೆ ಓದಿ ಮಡಿಸಿ ಮೇಜಿನ ಮೇಲಿಟ್ಟ. "ನನ್ನ ಕೆಲಸ ಕಲಿಯೋದಕ್ಕೆ ಕಾಲೇಜು ಬೇರೆ ಕೇಡು! ಹಿಂಬಾಗಿಲಲ್ಲಿ ನಿಲ್ಲೋದನ್ನ ನಾಲ್ಕು ವರ್ಷ ಕಲಿಸ್ತಾರಂತೆ."

"ಅಪ್ಪ," ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು. ಅವಳು ಆ ಕೋಣೆಗೆ ಬಂದದ್ದು ಮೂರು ವಾರದಲ್ಲಿ ಅದೇ ಮೊದಲು. "ನಂಗೆ ಬಾಯೊಳಗೆ ಕೈ ಹಾಕಿ ಹಲ್ಲು ಕೀಳೋದು ಯಾವತ್ತೂ ಇಷ್ಟ ಇರಲಿಲ್ಲ. ಮಾಡೋದು ಇಷ್ಟ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

ಅವನಿಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಹುಡುಕಿದರೆ ಒಬ್ಬನೇ ಸಿಗುತ್ತಿದ್ದ. ಕೊನೆಗೆ, "ಸರಿ, ಹೋಗಿ ನೋಡ್ಕೊಂಡು ಬರೋಣ" ಎಂದ. ನೋಡಿದ ಮೇಲೆ ಅವಳಿಗೇ ಬೇಡವೆನಿಸುತ್ತದೆ ಎಂಬ ಆಸೆ ಅವನ ಮನಸ್ಸಿನ ಮೂಲೆಯಲ್ಲಿ ಇನ್ನೂ ಇತ್ತು.

ಕಾಲೇಜು ನೋಡಲು ಏನೂ ಚೆನ್ನಾಗಿರಲಿಲ್ಲ. ಎರಡು ಅಂತಸ್ತಿನ ಹಳದಿ ಕಟ್ಟಡ, ಸವೆದ ಮೆಟ್ಟಿಲು, ಕಾರಿಡಾರಿನ ತುಂಬ ಮೇಣ ಮತ್ತು ಪ್ಲಾಸ್ಟರಿನ ವಾಸನೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಗಳ ಹೆಜ್ಜೆ ಚುರುಕಾಯಿತು. ತೆರೆದಿದ್ದ ಬಾಗಿಲೊಂದರ ಒಳಗೆ ಅವಳ ವಯಸ್ಸಿನ ಹುಡುಗಿಯೊಬ್ಬಳು ಗಾಜಿನ ಕಣ್ಣಿಗೆ ಕೂದಲೆಳೆಯಂಥ ಕುಂಚದಿಂದ ಕೆಂಪು ನರ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕ ಕುರ್ಚಿಯಲ್ಲಿ ಕೂತು, ಇನ್ನೊಂದು ಕಣ್ಣು ಅಗಲಿಸಿ ಅವಳಿಗೆ ಮಾದರಿ ಕೊಡುತ್ತಿದ್ದ. ಮೇಸ್ತ್ರಿ ಅಲ್ಲೇ ನಿಂತುಬಿಟ್ಟ. ಮಾಡುವವರೂ ಹಾಕಿಕೊಳ್ಳುವವರೂ ಒಂದೇ ಕೋಣೆಯಲ್ಲಿ ಕೂತಿರುವುದನ್ನು ಅವನು ಅದುವರೆಗೆ ಕಂಡಿರಲಿಲ್ಲ.

ಮಗಳು ಅರ್ಜಿ ಕೊಟ್ಟಳು, ಸಂದರ್ಶನವೂ ಅಂದೇ, ಒಂದು ಉದ್ದನೆಯ ಕೋಣೆಯಲ್ಲಿತ್ತು. ಹೆತ್ತವರು ಬೇಕಿದ್ದರೆ ಹಿಂದಿನ ಬೆಂಚಿನಲ್ಲಿ ಕೂರಬಹುದು, ಆದರೆ ಬಾಯಿ ಬಿಡುವಂತಿಲ್ಲ ಎಂದು ಗುಮಾಸ್ತ ಹೇಳಿದ. ಪರೀಕ್ಷಿಸುವವರು ವಯಸ್ಸಾದ ಟೀಚರ್ ಒಬ್ಬರು, ಕೊರಳಲ್ಲಿ ದಾರಕ್ಕೆ ಭೂತಗನ್ನಡಿ ಕಟ್ಟಿಕೊಂಡಿದ್ದರು. ಹಿಂದಿನ ಬೀರುವಿನಿಂದ ಒಂದು ಡಬ್ಬಿ ತೆಗೆದು ಮಗಳ ಮುಂದಿಟ್ಟರು.

"ಪ್ರತಿ ವರ್ಷ ಎಲ್ಲರಿಗೂ ನಾನು ಕೊಡೋದು ಇದೊಂದೇ. ಮೇಲ್ದವಡೆಯ ಹಲ್ಲಿನ ಸೆಟ್ಟು. ಇದರಲ್ಲಿ ಒಂದು ತಪ್ಪಿದೆ. ಏನು ಅಂತ ಹೇಳು."

ಮಗಳು ಡಬ್ಬಿ ತೆರೆದಳು. ಹಿಂದಿನ ಬೆಂಚಿನಿಂದ ಮೇಸ್ತ್ರಿಗೆ ಕಂಡದ್ದು ಅಂಗೈಯಷ್ಟು ಗುಲಾಬಿ ಬಣ್ಣ, ಒಂದು ಸಾಲು ಬಿಳುಪು. ಅಷ್ಟೇ ಸಾಕಾಗಿತ್ತು. ಎಡಗಡೆಯ ಮುಂದಿನ ಎರಡನೇ ಹಲ್ಲು ತುಸುವೇ ಒಳಗೆ ತಿರುಗಿತ್ತು. ಅದು ಅವನ ಕೈಯದೇ. ಹದಿನೈದು ವರ್ಷದ ಹಿಂದಿನ ಕೆಲಸ. ಫೋಟೋ ಕೂಡ ನೆನಪಿತ್ತು: ಛತ್ರಿ ಹಿಡಿದ ಒಬ್ಬ ಹೆಂಗಸು, ಯಾರೋ ಏನೋ ಅಂದದ್ದಕ್ಕೆ ತಡೆಯಲಾರದೆ ನಗುತ್ತಿದ್ದಳು. ಅದರ ಜೊತೆಗೆ ಇನ್ನೊಂದೂ ನೆನಪಾಯಿತು. ಆ ಅಳತೆಯ ಎಡ ಹಿಂಭಾಗದಲ್ಲಿ ಬಟಾಣಿಯಷ್ಟು ದೊಡ್ಡ ಗುಳ್ಳೆ ಇತ್ತು.

ಮಗಳು ಸೆಟ್ಟನ್ನು ತಿರುವಿ ನೋಡಿ ಮೇಜಿನ ಮೇಲಿಟ್ಟಳು. "ಟೀಚರ್, ನಂಗೆ ಬೇರೆ ಕೊಡಿ. ಇದು ನಮ್ಮಪ್ಪ ಮಾಡಿದ್ದು."

ಟೀಚರ್ ಹಿಂದಿನ ಬೆಂಚಿನತ್ತ ನೋಡಿದರು. "ಹೇಗೆ ಹೇಳ್ತೀಯ?"

"ಈ ಹಲ್ಲು ತಿರುಗಿದೆಯಲ್ಲ, ಎಲ್ಲರೂ ಇದನ್ನೇ ತಪ್ಪು ಅಂತಾರೇನೋ. ಇದು ತಪ್ಪಲ್ಲ. ಅವರ ಸ್ವಂತ ಹಲ್ಲು ಹೀಗೇ ಇತ್ತು. ನಮ್ಮಪ್ಪ ಫೋಟೋ ನೋಡಿ ಮಾಡ್ತಾರೆ. ಅವರು ಹಲ್ಲು ಕಟ್ಟೋರು."

ಟೀಚರೂ ಗುಮಾಸ್ತನೂ ಇದ್ದ ಕೋಣೆಯಲ್ಲಿ ಅವಳು ಆ ಮಾತನ್ನು ಕುತ್ತಿಗೆ ಎತ್ತಿ ಹೇಳಿದಳು. ಮೇಸ್ತ್ರಿಗೆ 'ವ್ಯಾಪಾರ' ಎಂದು ಬರೆಸಿದ್ದು ನೆನಪಾಗಿ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಬೇರೆ ಕೊಡೋದಿಲ್ಲ," ಎಂದರು ಟೀಚರ್, ಗಟ್ಟಿ ಸ್ವರದಲ್ಲಲ್ಲ. "ಹಲ್ಲು ತಪ್ಪಲ್ಲ ಅಂದೆ, ಸರಿ. ಈ ವರ್ಷ ಅದನ್ನ ಹೇಳಿದವಳು ನೀನೊಬ್ಬಳೇ. ಆದ್ರೆ ತಪ್ಪು ಇದೆ. ನಿಮ್ಮಪ್ಪ ಮಾಡಿದ್ದು ಅಂದ್ರೆ ನಿನಗೆ ಇನ್ನೂ ಕಷ್ಟ. ಕಷ್ಟ ಆದ್ರೂ ನೋಡಿ ಹೇಳು. ಇಲ್ಲಿ ಕಲಿಯೋರಿಗೆ ಅದು ಬರಲೇಬೇಕು."

ಮಗಳು ಮತ್ತೆ ಸೆಟ್ಟು ಕೈಗೆತ್ತಿಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದಳು. ಒಳಮೈಯ ಮೇಲೆ ಹೆಬ್ಬೆರಳು ಸವರುತ್ತಾ ಹೋಗಿ, ಎಡಗಡೆಯ ಹಿಂದಿನ ಅಂಚಿಗೆ ಬಂದಾಗ ಆ ಬೆರಳು ನಿಂತಿತು. ಅವಳಿಗೆ ಸಿಕ್ಕಿತೆಂದು ಮೇಸ್ತ್ರಿಗೆ ಗೊತ್ತಾಯಿತು. ಆದರೂ ಅವಳು ಮಾತಾಡಲಿಲ್ಲ. ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದು ಹಾಕಿದ. ಹೇಳಿದರೆ ಅಪ್ಪನ ಮಾನ ಹೋಗುತ್ತದೆ, ಹೇಳದಿದ್ದರೆ ಸೀಟು. ಅರ್ಜಿಯ ವಿಷಯದಲ್ಲಿ ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡವಳು ಈಗಲೂ ಹಾಗೇ ಕೂತಿದ್ದಳು.

ಅವಳು ತಿರುಗಿ ನೋಡಿದಳು.

ಮೇಸ್ತ್ರಿ ತಲೆಯಾಡಿಸಿದ. ಹೇಳು ಎಂದು, ಸ್ಪಷ್ಟವಾಗಿ, ಎರಡು ಸಲ.

"ಇಲ್ಲಿ," ಎಂದಳು ಮಗಳು. "ಬೇರೆ ಕಡೆ ಎಲ್ಲ ಬಾಯಿಯ ಸಣ್ಣ ಸಣ್ಣ ಗೆರೆ ಮೂಡಿದೆ. ಇಲ್ಲಿ ಬಾಯಿಯ ಗೆರೆ ಇಲ್ಲ, ಚಾಕುವಿನ ಗೆರೆ ಇದೆ. ಅಳತೆ ಸರಿ ಬಂದಿರಲಿಲ್ಲ, ಅಂದಾಜಿನ ಮೇಲೆ ಕೆತ್ತಿದ್ದಾರೆ. ಅಂಚು ಗಿಡ್ಡ ಆಗಿದೆ. ಬಾಯಿ ತೆಗೆದ್ರೆ ಕೆಳಗೆ ಬೀಳತ್ತೆ. ಇದನ್ನ ಹಾಕ್ಕೊಂಡು ಯಾರೂ ಊಟ ಮಾಡಿಲ್ಲ ಟೀಚರ್, ಹಲ್ಲು ಒಂಚೂರೂ ಸವೆದಿಲ್ಲ." ಅವಳು ಉಸಿರು ಎಳೆದುಕೊಂಡಳು. "ಎರಡನೇ ಸಲ ಅಳತೆ ಕೇಳಬೇಕಿತ್ತು."

"ಕೇಳಬೇಕಿತ್ತು," ಎಂದಿತು ಹಿಂದಿನ ಬೆಂಚು.

ಎಲ್ಲರೂ ತಿರುಗಿದರು. ಮೇಸ್ತ್ರಿ ಎದ್ದು ನಿಂತಿದ್ದ, ಯಾವಾಗ ಎದ್ದನೆಂದು ಅವನಿಗೇ ತಿಳಿಯದು. "ನಾನು ಕೇಳಲಿಲ್ಲ. ಕೇಳಿದ್ರೆ ಮರ್ಯಾದೆ ಹೋಗತ್ತೆ ಅಂದ್ಕೊಂಡಿದ್ದೆ. ಅವಳು ಹೇಳಿದ್ದು ಸರಿ."

ಗುಮಾಸ್ತ ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದ. ಟೀಚರ್ ಗುಮಾಸ್ತನಿಗೇ ಸುಮ್ಮನಿರುವಂತೆ ಕೈ ಮಾಡಿ, ಸೆಟ್ಟನ್ನು ಡಬ್ಬಿಯಲ್ಲಿಟ್ಟು ಮುಚ್ಚಿದರು.

"ಇದನ್ನ ಮಾಡಿಸ್ಕೊಂಡ ಅಮ್ಮ ತೀರಿಕೊಂಡ ಮೇಲೆ ಅವರ ಮಗಳು ನಮಗೆ ಕೊಟ್ಟು ಹೋದರು," ಎಂದರು. "ಆ ಅಮ್ಮ ಮನೆಗೆ ಯಾರಾದ್ರೂ ಬಂದಾಗ ಮಾತ್ರ ಹಾಕ್ಕೊಳ್ತಿದ್ರಂತೆ. ಬಂದವರು ಇರೋಷ್ಟು ಹೊತ್ತು ಬಾಯಿ ಜಾಸ್ತಿ ತೆಗೀದೆ ನಗ್ತಿದ್ರಂತೆ. ಹೋದ ಮೇಲೆ ತೆಗೆದಿಡೋದು. ಡಾಕ್ಟ್ರಿಗೂ ಹೇಳಲಿಲ್ಲ. ಇಷ್ಟು ಚೆನ್ನಾಗಿ ಮಾಡಿಕೊಟ್ಟಿದ್ದಾರೆ, ನನ್ನ ಬಾಯೇ ಸರಿಯಿಲ್ಲ ಅಂತಿದ್ರಂತೆ ಕೊನೇವರೆಗೂ."

ಮೇಸ್ತ್ರಿ ಕೂತುಕೊಂಡ. ಛತ್ರಿ ಹಿಡಿದು ಅಷ್ಟು ಜೋರಾಗಿ ನಗುತ್ತಿದ್ದ ಹೆಂಗಸು. ಅವನಿಗೆ ಅಳು ಬಂತು. ಮರೆಸಲು ಕರವಸ್ತ್ರ ಹುಡುಕಿದ, ಸಿಗಲಿಲ್ಲ, ತೋಳಿನಿಂದಲೇ ಒರೆಸಿಕೊಂಡ. ಇಂಥ ಇನ್ನೆಷ್ಟು ಡಬ್ಬಿಗಳು ಇನ್ನೆಷ್ಟು ಮನೆಗಳಲ್ಲಿ ಇವೆಯೋ ಎಂಬ ಲೆಕ್ಕ ಅವನಿಗೆ ಯಾರೂ ಕೊಡುವಂತಿರಲಿಲ್ಲ.

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಅರ್ಧ ದಾರಿ ಕಳೆದ ಮೇಲೆ ಮೇಸ್ತ್ರಿ ಕಿಟಕಿಯ ಕಡೆ ನೋಡುತ್ತಲೇ, "ಆ ಫಾರಂ ವಿಷಯ," ಎಂದು ಶುರುಮಾಡಿ ನಿಲ್ಲಿಸಿದ.

"ಗೊತ್ತು ಅಪ್ಪ."

"ತಪ್ಪು ನಂದು. ನಾಲ್ಕೂ ಸಾಲು ನೀನು ಬರೀತಿದ್ದೆ, ನಾನು ಬಿಡಲಿಲ್ಲ."

"ತುಂಬಾ ಸಿಟ್ಟು ಬಂದಿತ್ತು," ಎಂದಳು ಮಗಳು. "ಈಗಲೂ ಸ್ವಲ್ಪ ಇದೆ."

"ಇರ್ಲಿ. ಇಟ್ಕೋ." ಅವನು ಅವಳ ಕೈ ಮೇಲೆ ಕೈಯಿಟ್ಟ. ಅವಳು ಎಳೆದುಕೊಳ್ಳಲಿಲ್ಲ.

ಹತ್ತು ದಿನಕ್ಕೆ ಸೀಟು ಸಿಕ್ಕ ಪತ್ರ ಬಂತು. ಜೊತೆಗೆ ಒಂದು ಅರ್ಜಿ. ಯಾವ ವಿಭಾಗ ಬೇಕೆಂದು ನಾಲ್ಕು ಸಾಲು ತುಂಬಬೇಕು. ಹೆಂಡತಿ ಕನ್ನಡಕ ಏರಿಸಿಕೊಂಡು ಎದುರಿಗೇ ಕಾವಲು ಕೂತಳು. ಮಗಳು ನಾಲ್ಕೂ ತುಂಬಿದಳು: ಮೊದಲು ಹಲ್ಲು, ಆಮೇಲೆ ಕಣ್ಣು, ಕಿವಿ-ಮೂಗು, ಕೈಕಾಲು. ತಂದೆಯ ಉದ್ಯೋಗ ಎಂಬಲ್ಲಿಗೆ ಬಂದಾಗ ಅವಳು ಕೇಳಲಿಲ್ಲ, ತಾನೇ ಬರೆದಳು. ಮೇಸ್ತ್ರಿ ಬಗ್ಗಿ ನೋಡಿ, ಹಿಂದಿನ ಕೋಣೆಗೆ ಹೋದ.

ಅವಳು ಹಾಸ್ಟೆಲಿಗೆ ಹೊರಡುವ ದಿನ ಬೆಳಿಗ್ಗೆ ಡಾಕ್ಟರ ಕಡೆಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹೊಸ ಅಳತೆಯೊಂದು ಬಂತು. ಹೊರಗೆ ಪೆಟ್ಟಿಗೆ ಕಟ್ಟಿ ಇಟ್ಟಾಗಿತ್ತು, ಆಟೋ ಬರಲು ಇನ್ನೂ ಹೊತ್ತಿತ್ತು. ಮಗಳು ಸ್ಟೂಲಿನ ಮೇಲೆ ಕೂತು ಬಟ್ಟೆ ಬಿಡಿಸಿ, ಅಳತೆಯನ್ನು ಬೆಳಕಿಗೆ ಹಿಡಿದು, ಅಪ್ಪನ ಕೈಗೆ ಕೊಟ್ಟಳು. ಬಲಗಡೆಯ ಅಂಚಿನಲ್ಲಿ ಒಂದು ಗುಳ್ಳೆ. ಸಾಸಿವೆಯಷ್ಟು. ಯಾರಿಗೂ ಗೊತ್ತಾಗುವಂಥದ್ದಲ್ಲ.

ಮೇಸ್ತ್ರಿಯ ಕೈ ಅಭ್ಯಾಸದಂತೆ ಚಾಕುವಿನ ಕಡೆ ಹೋಯಿತು. ಹೋಗಿ, ಅದನ್ನು ದಾಟಿ, ಫೋನು ಎತ್ತಿಕೊಂಡಿತು.

"ಡಾಕ್ಟ್ರೇ, ನಾನು. ಈಗ ಬಂದ ಅಳತೆ ಸರಿಯಿಲ್ಲ. ಇನ್ನೊಂದು ಸಲ ತೆಗೀಬೇಕು."

ಆ ಕಡೆಯಿಂದ ಡಾಕ್ಟರ ಧ್ವನಿ ಕೋಣೆಗೆಲ್ಲ ಕೇಳಿಸಿತು. "ನೀವಾ ಹೇಳ್ತಿರೋದು? ಇಷ್ಟು ವರ್ಷದಲ್ಲಿ ಯಾವತ್ತೂ ಕೇಳಿದವರಲ್ಲ. ಹುಷಾರಾಗಿದ್ದೀರ ತಾನೇ?"

"ಹುಷಾರಾಗಿದ್ದೀನಿ," ಎಂದ ಮೇಸ್ತ್ರಿ. "ಅವರನ್ನ ಮತ್ತೆ ಕರೆಸಿ. ಬರುವಾಗ ಹಳೇ ಫೋಟೋ ಒಂದು ತರೋದಕ್ಕೆ ಹೇಳಿ."

ಅವನು ಫೋನು ಇಡುವಷ್ಟರಲ್ಲಿ ಮಗಳು ಆ ಅಳತೆಯನ್ನು ಕಿತ್ತು ಎಸೆದು, ಅದು ಅಂಟಿದ್ದ ತಟ್ಟೆಯನ್ನು ತೊಳೆದು, ಒರೆಸಿ, ವಾಪಸು ಕಳಿಸುವ ಡಬ್ಬಿಯಲ್ಲಿ ಇಟ್ಟಿದ್ದಳು.